ಕೆಮ್ಮಿಗೆ ಒಂದೇ ಹೆಸರಲ್ಲ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ತಿಂಗಳುಗಟ್ಟಲೆ ಬಿಡದ ಕೆಮ್ಮಿಗೆ ಹಿರಿಯರು ಇಡುತ್ತಿದ್ದ ಹೆಸರು ಒಂದೇ, ಕ್ಷಯ. ಅರಮನೆಯನ್ನೂ ಬಿಡದ ಕಾಯಿಲೆ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯದ ಆಸ್ಪತ್ರೆ ಎದ್ದಿತು. 1997ರವರೆಗೆ ನಾವೂ ಮೈಸೂರು ಜಿಲ್ಲೆಯವರೇ ಆಗಿದ್ದುದರಿಂದ ಎದೆಯ ಕಾಯಿಲೆ ಎಂದರೆ ನಮ್ಮವರಿಗೆ ನೆನಪಾಗುತ್ತಿದ್ದುದು ಆ ಆಸ್ಪತ್ರೆಯೇ.

ಶ್ವಾಸಕೋಶದ ಕ್ಯಾನ್ಸರ್ ಹೆಸರನ್ನು ಆಗ ಕೇಳಿದವರಿರಲಿಲ್ಲ. ಪರದೇಶದಲ್ಲೂ ಅಷ್ಟೇ. 1912ರಲ್ಲಿ ನ್ಯೂಯಾರ್ಕಿನ ಐಸಾಕ್ ಆಡ್ಲರ್ ಎಂಬ ವೈದ್ಯರು ಲೋಕದ ವರದಿಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು 374 ರೋಗಿಗಳ ವಿವರ ಮಾತ್ರ. 1933ರಲ್ಲಿ ಅಮೆರಿಕದ ಎವಾರ್ಟ್ಸ್ ಗ್ರಹಾಂ ಒಬ್ಬ ರೋಗಿಯ ಒಂದು ಕಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದು ಬದುಕಿಸಿದರು. 1950ರಲ್ಲಿ ಸಿಗರೇಟಿನ ನಂಟು ಸ್ಪಷ್ಟವಾಯಿತು. ವರ್ಷಗಟ್ಟಲೆ ಸಿಗರೇಟು ಸೇದಿದ್ದ ಗ್ರಹಾಂ 1957ರಲ್ಲಿ ಅದೇ ಕಾಯಿಲೆಯಿಂದ ಸತ್ತರು. ಅವರ ರೋಗಿ ಇನ್ನೂ ಬದುಕಿದ್ದರು!

ಅಂದಮೇಲೆ ಇದು ಸೇದುವ ಗಂಡಸರ ಕಾಯಿಲೆ ಎಂದು ನಾವು ಹೆಂಗಸರು ನಿಶ್ಚಿಂತರಾದೆವು. ಗುಂಡ್ಲುಪೇಟೆಯ ನನ್ನ ದೊಡ್ಡವ್ವ ಬೀಡಿ ಮುಟ್ಟಿದವಳಲ್ಲ. ಆದರೆ ಐವತ್ತು ವರ್ಷ ಸೌದೆ ಒಲೆ ಊದಿದವಳು. ಜಗಲಿಯಲ್ಲಿ ದೊಡ್ಡಪ್ಪನ ಬೀಡಿಯ ಹೊಗೆ ಬೇರೆ. ಕೆಮ್ಮು ಬಂತು. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇಯಲ್ಲಿ ಕಂಡ ನೆರಳಿಗೇ ಟಿಬಿ ಮಾತ್ರೆ ಕೊಟ್ಟರು. ಕಫದಲ್ಲಿ ಕ್ರಿಮಿ ಸಿಕ್ಕಿರಲಿಲ್ಲ. ಐದು ತಿಂಗಳು ಮಾತ್ರೆ ನುಂಗಿದಳು, ಇಳಿದುಹೋದಳು. “ಬಿಡವ್ವ, ಟಿಬಿ ನಿಧಾನವಾಗೇ ವಾಸಿಯಾಗೋದು” ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ಕಫದಲ್ಲಿ ರಕ್ತ ಕಂಡಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ದೆವು. ಸಿಟಿ ಸ್ಕ್ಯಾನ್ ಆಯಿತು. ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ಚೂರು ಮಾಂಸ ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಮೂಳೆಗೆ ಹರಡಿತ್ತು. ಆ ವರ್ಷದ ಯುಗಾದಿಗೆ ದೊಡ್ಡವ್ವ ಇರಲಿಲ್ಲ.

ಎಕ್ಸ್‌ರೇಯಲ್ಲಿ ಎರಡೂ ಕಾಯಿಲೆಗಳ ನೆರಳು ಒಂದೇ ತರಹ ಕಾಣಬಹುದು. ಕೆಮ್ಮು, ಜ್ವರ, ತೂಕ ಇಳಿಯುವುದು, ರಕ್ತ ಬೀಳುವುದು ಎರಡರಲ್ಲೂ ಉಂಟು. ಟಿಬಿ ನಮ್ಮಲ್ಲಿ ಇಂದಿಗೂ ಹೆಚ್ಚಾದ್ದರಿಂದ ಮೊದಲು ಕಫ ಪರೀಕ್ಷೆ ಮಾಡಿಸುವುದೇ ಸರಿ. ಕ್ರಿಮಿ ಸಿಗದಿದ್ದರೆ, ಮಾತ್ರೆಗೆ ಗುಣ ಕಾಣದಿದ್ದರೆ, “ಡಾಕ್ಟ್ರೇ, ಬೇರೇನಾದರೂ ಇರಬಹುದಾ?” ಎಂದು ಕೇಳಲೇಬೇಕು. ದನಿ ಒಡೆದರೆ, ಎದೆನೋವು ಬಿಡದಿದ್ದರೆ ತಡಮಾಡಬಾರದು. ಬೇಗ ಸಿಕ್ಕಿದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯಬಹುದು. ಹರಡಿದ್ದರೆ ಕೀಮೋ, ವಿಕಿರಣ ಚಿಕಿತ್ಸೆ. ಕೆಲವು ಗಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಜೀನ್ ಬದಲಾಗಿರುತ್ತದೆ ಎಂದು 2004ರಲ್ಲಿ ತಿಳಿಯಿತು. ಸೇದದ ಏಷ್ಯಾದ ಹೆಂಗಸರಲ್ಲೇ ಇದು ಹೆಚ್ಚು. ಅಂಥವರಿಗೆ ನುಂಗುವ ಮಾತ್ರೆಯಿಂದಲೇ ಕಾಯಿಲೆಯನ್ನು ಎಷ್ಟೋ ಕಾಲ ಹಿಡಿದಿಡಬಹುದು. ಅದಕ್ಕೇ ತೆಗೆದ ಚೂರನ್ನು ಜೀನ್ ಪರೀಕ್ಷೆಗೂ ಕಳಿಸಲು ಕೇಳಿಕೊಳ್ಳಿ.

ಈಗ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮನೆಮನೆಗೆ ಗ್ಯಾಸ್ ಬಂದಿದೆ. ಆದರೂ ನೀರು ಕಾಯಿಸಲು ಹಿತ್ತಲಲ್ಲಿ ಸೌದೆ ಉರಿಸುತ್ತ ಕೆಮ್ಮುವ ಅತ್ತೆ, ಅವ್ವ ನಿಮ್ಮ ಮನೆಯಲ್ಲೂ ಇರಬಹುದು. “ಹೊಗೆಗೆ ಬರೋ ಕೆಮ್ಮು, ಹೋಗುತ್ತೆ ಬಿಡು” ಎನ್ನುತ್ತಾರೆ ಅವರು. ಮೂರು ವಾರ ದಾಟಿದರೆ ಕರೆದುಕೊಂಡು ಹೋಗಿ.