ಪಹಣಿ ಬಂತು, ಮಾತು ನಡೀಲಿಲ್ಲ

1985ರ ಅಕ್ಟೋಬರ್ 26. ಆಸ್ಟ್ರೇಲಿಯಾದ ನಟ್ಟನಡುವೆ ಇರೋ ಕೆಂಪು ಬಂಡೆ ಉಲುರುವಿನ ಹಕ್ಕುಪತ್ರವನ್ನು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಅಲ್ಲಿನ ಮೂಲನಿವಾಸಿ ಅನಂಗು ಜನರ ಕೈಗಿಟ್ಟರು. ಅದೇ ದಿನ ಇನ್ನೊಂದು ಕಾಗದಕ್ಕೂ ಸಹಿ ಬಿತ್ತು: ಇಡೀ ರಾಷ್ಟ್ರೀಯ ಉದ್ಯಾನ 99 ವರ್ಷ ಸರ್ಕಾರಕ್ಕೇ ಗುತ್ತಿಗೆ. ಪಹಣಿಯಲ್ಲಿ ಹೆಸರು ಇವರದು, ಗೇಟಿನ ಬೀಗದ ಕೈ ಅವರ ಹತ್ರ!

ಬಂಡೆ ಹತ್ತೋದನ್ನ ನಿಲ್ಲಿಸ್ತೀವಿ ಅಂತ ಬಾಬ್ ಹಾಕ್ ಸರ್ಕಾರ 1983ರಲ್ಲಿ ಮಾತು ಕೊಟ್ಟಿತ್ತು. ಆ ಮಾತೂ ಗುತ್ತಿಗೆಯ ಚೌಕಾಸಿಯಲ್ಲಿ ಹೋಯ್ತು. ಅನಂಗುಗಳಿಗೆ ಅದು ಪೂರ್ವಜರು ನಡೆದ ಪವಿತ್ರ ಹಾದಿ. ಪ್ರವಾಸಿಗರಿಗೆ 1960ರ ದಶಕದಲ್ಲಿ ನೆಟ್ಟ ಕಬ್ಬಿಣದ ಸರಪಳಿ ಹಿಡಿದು ಏರೋ ಗುಡ್ಡ. ಹತ್ತಲು ಹೋಗಿ ಸತ್ತವರೇ ಮೂವತ್ತಕ್ಕೂ ಹೆಚ್ಚು. ನಮ್ಮ ನೆಲಕ್ಕೆ ಬಂದವರ ಹೊಣೆ ನಮ್ಮದು ಅಂತ ಪ್ರತಿ ಸಾವಿಗೂ ಮರುಗಿದವರು ಅನಂಗುಗಳು. ಅವರ ಕೈಲಾಗಿದ್ದು ಒಂದೇ, ದಯವಿಟ್ಟು ಹತ್ತಬೇಡಿ ಅನ್ನೋ ಬೋರ್ಡು. ಸರಪಳಿ ಮಾತ್ರ ಅಲ್ಲೇ ಇತ್ತು.

2017ರಲ್ಲಿ ಅನಂಗುಗಳೇ ಬಹುಮತದಲ್ಲಿರೋ ಆಡಳಿತ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿತು. 2019ರ ಅಕ್ಟೋಬರ್ 26, ಅದೇ ತಾರೀಕು, ಹತ್ತೋದು ಬಂದ್. ಹಿಂದಿನ ದಿನ ನೂರಾರು ಜನ ಕೊನೇ ಸಲ ಏರೋಕೆ ಕ್ಯೂ ನಿಂತಿದ್ದರು, ಅದೇನು ಚಪಲವೋ.

ಈಗ ಬುಡದ ಸುತ್ತ ಹತ್ತು ಕಿಲೋಮೀಟರಿಗೂ ಮಿಕ್ಕ ಕಾಲುದಾರಿ ಇದೆ. ಅದರಲ್ಲೂ ಕೆಲವು ಜಾಗದ ಫೋಟೋ ತೆಗೆಯೋ ಹಾಗಿಲ್ಲ.