ಹಳ್ಳಿಯ ಪದಕ್ಕೆ ವಿಯೆನ್ನಾದ ದಿರಿಸು

ಕುರಿ ಕಾಯುವವನು ಗುಡ್ಡದ ಮೇಲೆ ಕುಳಿತು ಹಾಡಿಕೊಳ್ಳುವ ಪದ. ಅದನ್ನು ಎತ್ತಿಕೊಳ್ಳುವ ಮೊದಲು ಪಿಯಾನೊ, ಪಿಟೀಲು, ಚೆಲ್ಲೊ ಮೂರೂ ಸೇರಿ ಗಂಭೀರ ಪೀಠಿಕೆ ನುಡಿಸಬೇಕು. ಅಷ್ಟು ಹೊತ್ತು ಗಾಯಕಿ ಸುಮ್ಮನೆ ನಿಂತಿರಬೇಕು. ಪದ ಮುಗಿದರೂ ವಾದ್ಯಗಳು ಬಿಡುವುದಿಲ್ಲ, ಇನ್ನೊಂದು ಸುತ್ತು ಹಾಕಿಯೇ ನಿಲ್ಲುತ್ತವೆ. 200 ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಸ್ಥಿತಿವಂತರ ದಿವಾನಖಾನೆಗಳಿಗೆ ಜನಪದ ಗೀತೆ ಈ ವೇಷದಲ್ಲಿ ಬಂತು. ನಗಿಸುವುದು ಯಾರ ಉದ್ದೇಶವೂ ಆಗಿರಲಿಲ್ಲ.

ಇದರ ಹಿಂದಿದ್ದವನು ಎಡಿನ್‌ಬರೋದ ಜಾರ್ಜ್ ಥಾಮ್ಸನ್. ವೃತ್ತಿಯಿಂದ ಮಂಡಳಿಯೊಂದರ ಗುಮಾಸ್ತ, ಹುಚ್ಚು ಮಾತ್ರ ಸಂಗೀತದ್ದು. ನಾಡಿನ ಧಾಟಿಗಳು ಉಳಿಯಬೇಕು, ಅದಕ್ಕೆ ಯೂರೋಪಿನ ಅತಿ ದೊಡ್ಡ ಸಂಗೀತಗಾರರ ಕೈಯೇ ತಾಗಬೇಕು ಎಂದು ಹಟ ಹಿಡಿದ. 1793ರಿಂದ ಸಂಪುಟಗಳು ಹೊರಬರತೊಡಗಿದವು. ಕವಿ ರಾಬರ್ಟ್ ಬರ್ನ್ಸ್ ನೂರಕ್ಕೂ ಹೆಚ್ಚು ಗೀತೆಗಳನ್ನು ಕೊಟ್ಟು ಸಂಭಾವನೆ ಬೇಡವೆಂದ. 1796ರಲ್ಲಿ ಸಾವಿಗೆ ಕೆಲವೇ ದಿನ ಮೊದಲು, ಸಾಲಗಾರನ ಭಯಕ್ಕೆ, ಐದು ಪೌಂಡ್ ಕೇಳಿ ಪತ್ರ ಬರೆದ. ಥಾಮ್ಸನ್ ಕಳಿಸಿದ.

ವಿಯೆನ್ನಾದಲ್ಲಿದ್ದ ಹೈಡನ್ 200ಕ್ಕೂ ಹೆಚ್ಚು ಧಾಟಿಗಳಿಗೆ ವಾದ್ಯ ಹೊಂದಿಸಿದ. ವಯಸ್ಸಾದ ಮೇಲೆ ಕೆಲವನ್ನು ಶಿಷ್ಯ ನಾಯ್‌ಕೊಮ್ ಮಾಡಿಕೊಟ್ಟ, ಹೆಸರು ಗುರುವಿನದೇ.

ನಿಜವಾದ ಫಜೀತಿ ಬೀಥೋವನ್‌ನದು. 1809ರ ನಂತರದ ಹತ್ತು ವರ್ಷಗಳಲ್ಲಿ ಅವನು ಸುಮಾರು 170 ಧಾಟಿಗಳನ್ನು ಕೈಗೆತ್ತಿಕೊಂಡ. ಎಷ್ಟೋ ಸಲ ಥಾಮ್ಸನ್ ಕಳಿಸುತ್ತಿದ್ದುದು ಬರಿ ಸ್ವರಗಳನ್ನು. ಸಾಹಿತ್ಯವಿಲ್ಲ, ಅದನ್ನು ಆಮೇಲೆ ಯಾರಿಂದಲಾದರೂ ಬರೆಸಿದರಾಯಿತು ಎಂಬ ಲೆಕ್ಕ. ಇದು ಮದುವೆಯ ಹಾಡೋ, ಸತ್ತವರ ಮೇಲಿನ ಶೋಕವೋ, ಕುಡುಕರ ಪದವೋ? ತಿಳಿಯುವುದು ಹೇಗೆ? ಸಾಹಿತ್ಯ ಕಳಿಸಿ ಎಂದು ಬೀಥೋವನ್ ಪತ್ರಗಳಲ್ಲಿ ಕೇಳಿದ. ನಮ್ಮ ಬೀಸುವ ಪದದ ಮಟ್ಟನ್ನಷ್ಟೇ ಬರೆದು ವಿಯೆನ್ನಾಕ್ಕೆ ಅಂಚೆಯಲ್ಲಿ ಕಳಿಸಿದಂತೆಯೇ ಸರಿ.

ತೊಡಕು ಸಾಹಿತ್ಯದ್ದಷ್ಟೇ ಅಲ್ಲ. ಹಲವು ಸ್ಕಾಟಿಷ್ ಧಾಟಿಗಳಲ್ಲಿರುವುದು ಐದೇ ಸ್ವರ. ಹೊಸ ವರ್ಷದ ರಾತ್ರಿ ಹಾಡುವ 'ಆಲ್ಡ್ ಲ್ಯಾಂಗ್ ಸೈನ್' ಕೇಳಿದರೆ ನಮ್ಮವರಿಗೆ ಮೋಹನ ರಾಗದ ಸ್ವರಗಳ ಗುರುತು ಸಿಗುತ್ತದೆ. (ಬೀಥೋವನ್ ಅದಕ್ಕೂ ವಾದ್ಯ ಹೊಂದಿಸಿದ್ದಾನೆ.) ಇಂಥ ಕೆಲವು ಧಾಟಿಗಳು ಷಡ್ಜಕ್ಕೆ ಮರಳದೆ ಎಲ್ಲೋ ನಡುವೆ ನಿಂತುಬಿಡುತ್ತವೆ. ಹಾಡುವವನಿಗೆ ಅದೇ ಸೊಗಸು. ವಿಯೆನ್ನಾದ ಕಿವಿಗೆ ಅದು ಅರ್ಧಕ್ಕೆ ನಿಂತ ಮಾತು. ಹಾಗಾಗಿ ಪಿಯಾನೊ ಬಂದು ಪೂರ್ಣವಿರಾಮ ಹಾಕಬೇಕಾಯಿತು. ಬೀಥೋವನ್‌ನ ಕೈಯಲ್ಲಿ ಆ ಪೂರ್ಣವಿರಾಮವೂ ಸಣ್ಣದೊಂದು ಕೃತಿಯಾಗಿಬಿಡುತ್ತದೆ. ಅದು ಸೊಗಸಾಗಿಯೇ ಇದೆ, ಹಾಡಿಗೂ ಅದಕ್ಕೂ ನಂಟು ಕಡಿಮೆ ಅಷ್ಟೆ.

ಇಷ್ಟಾಗಿ ಥಾಮ್ಸನ್‌ನ ದೂರು ಬೇರೆಯೇ: ಪಿಯಾನೊ ಭಾಗ ನಮ್ಮೂರ ಹೆಣ್ಣುಮಕ್ಕಳ ಬೆರಳಿಗೆ ಬಹಳ ಕಷ್ಟ, ಸರಳ ಮಾಡಿ. 1813ರಲ್ಲಿ ಬೀಥೋವನ್ ಖಾರವಾಗಿ ಉತ್ತರಿಸಿದ: ಬರೆದುದನ್ನು ತಿದ್ದುವುದು ತನ್ನ ಪದ್ಧತಿಯಲ್ಲ. ತಿದ್ದಲಿಲ್ಲ ನಿಜ, ಕೆಲವನ್ನು ಪೂರಾ ಹೊಸದಾಗಿಯೇ ಬರೆದು ಕಳಿಸಿದ.

ಪುಸ್ತಕಗಳು ನಿರೀಕ್ಷಿಸಿದಂತೆ ಮಾರಾಟವಾಗಲಿಲ್ಲ. 1820ರ ಹೊತ್ತಿಗೆ ವಿಯೆನ್ನಾದ ವ್ಯವಹಾರ ನಿಂತಿತು. ಥಾಮ್ಸನ್ ಮಾತ್ರ 1851ರವರೆಗೆ, 93 ವರ್ಷ ಬದುಕಿದ. ಅವನ ಮೊಮ್ಮಗಳು ಕ್ಯಾಥರಿನ್‌ಳನ್ನು 1836ರಲ್ಲಿ ಮದುವೆಯಾದವನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್.