ಹಾಸಿಗೆಯೋ ಮನೆಯೋ: 1956ರ ಮದರಾಸು ಮತ್ತು ಕ್ಷಯರೋಗಿಗಳ ಚರಿತ್ರೆ

ಗಡಿಯಾಚೆಯ ಕನ್ನಡದ ಬಗ್ಗೆ ನಡೆಯುವ ಸರಣಿಯಲ್ಲಿ ಸಾಹಿತ್ಯದ ವಿದ್ಯಾರ್ಥಿನಿಯೊಬ್ಬಳು ಕ್ಷಯರೋಗದ ಮಾತು ತೆಗೆಯುವುದು ಯಾಕೆ ಅಂತ ಕೆಲವರಿಗೆ ಅನಿಸಬಹುದು. ನನ್ನನ್ನು ಇದಕ್ಕೆ ಹಚ್ಚಿದ್ದು ಒಂದು ಇಸವಿ. ಕಾಸರಗೋಡಿನವರಾದ ನಮಗೆ 1956 ಅಂದರೆ ನವೆಂಬರ್ 1, ಅಷ್ಟೇ. ಅಲ್ಲಿಯವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ತಾಳವಾಡಿ, ಹೊಸೂರು, ನೀಲಗಿರಿಯ ಕನ್ನಡಿಗರೂ ಅದೇ ರಾಜ್ಯದಲ್ಲಿದ್ದರು. ಆದೋನಿ, ರಾಯದುರ್ಗ, ಮಡಕಶಿರದವರು 1953ರಲ್ಲೇ ಆಂಧ್ರಕ್ಕೆ ಹೋಗಿದ್ದರು. ವೈದ್ಯಚರಿತ್ರೆ ಬರೆಯುವವರಿಗೆ ಮಾತ್ರ ಅದೇ 1956 ಬೇರೆಯೇ ಒಂದು ಕಾರಣಕ್ಕೆ ಮುಖ್ಯ. ಆ ವರ್ಷ ಮದರಾಸಿನ ಚೇಟ್‌ಪಟ್ಟಿನಲ್ಲಿ ಕ್ಷಯರೋಗ ಔಷಧ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿ ಕಟ್ಟಿದ ಕೇಂದ್ರ ಅದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಷಯ ಅನ್ನುವ ಪದದಲ್ಲೇ ನವೆಯುವುದು, ಸವೆಯುವುದು ಉಂಟು. ದಕ್ಷನ ಶಾಪದಿಂದ ಚಂದ್ರನಿಗೆ ಬಂದದ್ದು ಇದೇ ಯಕ್ಷ್ಮ ಅಂತ ನಮ್ಮ ಪುರಾಣ ಹೇಳುತ್ತದೆ. ಚಂದ್ರನಿಗಾದರೆ ಶುಕ್ಲಪಕ್ಷ ಇತ್ತು, ಮನುಷ್ಯರಿಗೆ ಮದ್ದೇ ಇರಲಿಲ್ಲ. ಇದ್ದದ್ದು ಸ್ಯಾನಟೋರಿಯಂ: ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ಮಲಗುವುದು. ಮದನಪಲ್ಲಿ ಹತ್ತಿರದ ಆರೋಗ್ಯವರಂ ಅಂಥದ್ದೇ ಒಂದು. ಮೈಸೂರಿನಲ್ಲೂ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು ಒಂದು ಇತ್ತು. ಹಾಸಿಗೆ ಸಿಕ್ಕಿದವರು ಸಾವಿರಕ್ಕೆ ಎಷ್ಟು ಮಂದಿ ಅನ್ನುವುದು ಬೇರೆ ಮಾತು.

1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದರು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 107 ಆಸ್ಪತ್ರೆ ರೋಗಿಗಳಿದ್ದರು. ಮದ್ದು ಸಿಕ್ಕಿದ 55 ಮಂದಿಯಲ್ಲಿ ಆರು ತಿಂಗಳಿಗೆ ಸತ್ತವರು 4, ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಆದರೆ ಸಂತೋಷ ನಿಲ್ಲಲಿಲ್ಲ. ಒಂದೇ ಮದ್ದಿಗೆ ಕ್ರಿಮಿ ಪಳಗಿಬಿಡುತ್ತದೆ. ಸುಧಾರಿಸಿದ ಹಲವರು ಮತ್ತೆ ಕುಸಿದರು. ಆದ್ದರಿಂದ ಎರಡು ಮದ್ದು ಒಟ್ಟಿಗೆ ಕೊಡಬೇಕು ಅನ್ನುವ ಪಾಠ ಬಂತು. ಪಿ.ಎ.ಎಸ್. ಆಗಲೇ ಇತ್ತು, 1952ರಲ್ಲಿ ಐಸೋನಿಯಜಿಡ್ ಬಂತು. (ಇವೆರಡೂ ರಾಸಾಯನಿಕವಾಗಿ ತಯಾರಿಸಿದವು, ಹಳೆಯ ಕಟ್ಟುನಿಟ್ಟಿನ ಅರ್ಥದಲ್ಲಿ ಆಂಟಿಬಯೋಟಿಕ್ ಅಲ್ಲ. ಇವತ್ತಿನ ಮಾತಿನಲ್ಲಿ ನಾವು ಎಲ್ಲವನ್ನೂ ಹಾಗೆಯೇ ಕರೆಯುತ್ತೇವೆ, ಇರಲಿ.)

ಈಗ ಮದರಾಸಿಗೆ ಬರೋಣ. ಅಲ್ಲಿ ಕೇಳಿದ ಪ್ರಶ್ನೆ ಮದ್ದು ಕೆಲಸ ಮಾಡುತ್ತದಾ ಅಂತ ಅಲ್ಲ. ಮದ್ದು ಇರುವಾಗ ಹಾಸಿಗೆ ಬೇಕಾ ಅಂತ. ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ನೇತೃತ್ವದಲ್ಲಿ ನಗರದ 193 ಬಡ ರೋಗಿಗಳನ್ನು ತೆಗೆದುಕೊಂಡರು. ಯಾರು ಸ್ಯಾನಟೋರಿಯಂಗೆ, ಯಾರು ಮನೆಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಮದ್ದು ಇಬ್ಬರಿಗೂ ಒಂದೇ, ಒಂದು ವರ್ಷ ಪಿ.ಎ.ಎಸ್. ಮತ್ತು ಐಸೋನಿಯಜಿಡ್. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ದಾದಿಯರು, ವಿಶ್ರಾಂತಿ. ಮನೆಯವರಿಗೆ ಇಕ್ಕಟ್ಟಿನ ಕೋಣೆ, ಅರೆಹೊಟ್ಟೆ. ಸ್ವಲ್ಪ ಚೇತರಿಸಿದ ಕೂಡಲೇ ಹಲವರು ಕೆಲಸಕ್ಕೂ ಹೋಗುತ್ತಿದ್ದರು. ವಾರಕ್ಕೊಮ್ಮೆ ಬಂದು ಮದ್ದು ಒಯ್ಯಬೇಕು. ಪಿ.ಎ.ಎಸ್. ಹೊಟ್ಟೆ ತೊಳಸುವ ಮದ್ದು, ಪ್ರಮಾಣವೂ ಜಾಸ್ತಿ. ನುಂಗುತ್ತಾರೋ ಇಲ್ಲವೋ ನೋಡಲು ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮದ್ದು ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಯನ್ನೂ ಮಾಡುತ್ತಿದ್ದರು. ಇದನ್ನು ಓದುವಾಗ ನನಗೆ ಸ್ವಲ್ಪ ಮುಜುಗರ ಆಯಿತು ಅಂತ ಹೇಳಲೇಬೇಕು. ಬಡವರ ಮಾತನ್ನು ನಂಬದೆ ಅವರ ಮೂತ್ರವನ್ನು ನಂಬುವ ವಿಜ್ಞಾನ ಇದು. ಆದರೂ ಆ ಪರೀಕ್ಷೆ ಇಲ್ಲದಿದ್ದರೆ ಫಲಿತಾಂಶವನ್ನು ಯಾರೂ ಒಪ್ಪುತ್ತಿರಲಿಲ್ಲ.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವರದಿ ಬಂತು. ವರ್ಷದ ಕೊನೆಗೆ ರೋಗ ಶಾಂತವಾದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86. ಹಾಸಿಗೆಗಾಗಿ ವರ್ಷಗಟ್ಟಲೆ ಕಾಯಿಸುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ. ಇನ್ನೊಂದು ದೊಡ್ಡ ಭಯ ಮನೆಯವರಿಗೆ ಅಂಟುವುದು. ಅದೂ ಸುಳ್ಳಾಯಿತು: ಮನೆಯಲ್ಲೇ ಇದ್ದ ರೋಗಿಗಳ ಕುಟುಂಬದಲ್ಲಿ ರೋಗ ಹೆಚ್ಚಾಗಿ ಕಾಣಿಸಿಕೊಳ್ಳಲಿಲ್ಲ. ಅಂಟುವುದೆಲ್ಲ ಬಹುಮಟ್ಟಿಗೆ ಮದ್ದು ಶುರುವಾಗುವ ಮೊದಲೇ ಆಗಿರುತ್ತದೆ, ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಫಲಿತಾಂಶವೇ ದೊಡ್ಡದು. ಕ್ಷಯ ಬಂದವರ ತಟ್ಟೆ, ಲೋಟ ಬೇರೆ ಇಡುವುದು, ಹೆಂಗಸಾದರೆ ತವರಿಗೆ ಕಳಿಸಿಬಿಡುವುದು, ಇದಕ್ಕೆಲ್ಲ ಇದ್ದ ವೈದ್ಯಕೀಯ ನೆಪ ಅಲ್ಲಿಗೆ ಮುಗಿಯಿತು. ನೆಪ ಮಾತ್ರ ಮುಗಿದದ್ದು, ಪದ್ಧತಿ ಅಲ್ಲ.

ಇದರ ಮುಂದಿನ ಕೊಂಡಿ ಕರ್ನಾಟಕದಲ್ಲೇ ಸಿಗುತ್ತದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಪೇಟೆಯವರು ಅಂದುಕೊಂಡಿದ್ದರಲ್ಲ, ತುಮಕೂರು ಅದನ್ನು ತಿರುಗಿಸಿ ಹಾಕಿತು. ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದವರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸುತ್ತಿದ್ದರು. ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಲ್ಲೇ ಕ್ಷಯ ಪತ್ತೆಮಾಡಿ ಮದ್ದು ಕೊಡುವ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡದ್ದು ಈ ಸಂಸ್ಥೆಯ ಕೆಲಸದಿಂದಲೇ.

ಮದ್ದು ರೋಗಿಯ ಊರಿಗೆ ಬರಬೇಕು ಅನ್ನುವುದು ಗಡಿಯ ನಮಗೆ ಪುಸ್ತಕದ ಮಾತಲ್ಲ. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಈಗಲೂ ಮಂಗಳೂರೇ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಆಂಬುಲೆನ್ಸುಗಳೂ ನಿಂತವು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು.

ಕೊನೆಯದಾಗಿ ಸಾಹಿತ್ಯದವಳಾಗಿ ಒಂದು ಮಾತು. ತುಮಕೂರಿನ ಆ ಜನ ಉತ್ತರ ಕೊಟ್ಟದ್ದು ಕನ್ನಡದಲ್ಲೇ ಇರಬೇಕು. ಅಚ್ಚಾದ ವರದಿ ಇಂಗ್ಲಿಷಿನಲ್ಲಿದೆ, ಅದರಲ್ಲಿ ಅವರು ಅಂಕಿಗಳಾಗಿದ್ದಾರೆ. ಕ್ಷಯ ಅಂದರೋ, ಒಣಕೆಮ್ಮು ಅಂದರೋ, ಹೆಸರೇ ಹೇಳದೆ ಎದೆ ಮುಟ್ಟಿ ತೋರಿಸಿದರೋ ಅನ್ನುವುದು ಅಂಕಿಯಲ್ಲಿ ಬರುವುದಿಲ್ಲ. ಮುಂದೆ ನಾನು ಹುಡುಕಬೇಕು ಅಂತಿರುವುದು ಆ ಮೂಲ ಪ್ರಶ್ನಾವಳಿಗಳನ್ನು. ಪ್ರಶ್ನೆಗಳಿದ್ದರೆ ಕೇಳಬಹುದು.